ಆಲಬಾವಿಗೆ ಬಿದ್ದ ಹಕಾರ

ಬಳ್ಳಾರಿ ರಸ್ತೆಯ ಪಕ್ಕದ ಪುರಸಭೆ ಕಚೇರಿಯಲ್ಲಿ ರೆಕಾರ್ಡು ನೋಡಿಕೊಳ್ಳುತ್ತಿದ್ದ ಕೃಷ್ಣಯ್ಯನ ಮುಂದೆ ಬಾಯಿ ಬಿಡಲು ಎಲ್ಲರಿಗೂ ಅಳುಕು. ಅವನು ಬೈಯುವವನಲ್ಲ, ಕೈ ಚಾಚುವವನಂತೂ ಮೊದಲೇ ಅಲ್ಲ. ತಿದ್ದುವವನು. ಜವಾನ ಬೈರಣ್ಣ ಸಂಜೆ ಬೀಗದ ಕೈ ತೆಗೆದುಕೊಂಡು "ಓಗ್ಬರ್ತೀನಿ ಸಾರ್" ಅಂದರೆ, ಕೃಷ್ಣಯ್ಯ ಕನ್ನಡಕದ ಮೇಲಿಂದ ನೋಡಿ "ಹೋಗ್ಬರ್ತೀನಿ" ಅನ್ನುತ್ತಿದ್ದ. ಬೈರಣ್ಣ ಹಕಾರ ಹಚ್ಚಿ ಇನ್ನೊಮ್ಮೆ ಅಂದ ಮೇಲೇ ಮನೆಗೆ ದಾರಿ. ಕೊನೆಕೊನೆಗೆ ಬೈರಣ್ಣ ಮಾತನ್ನೇ ಬಿಟ್ಟು ಸುಮ್ಮನೆ ಕೈ ಮುಗಿದು ಹೋಗುವುದನ್ನು ರೂಢಿ ಮಾಡಿಕೊಂಡ.

ಹಾಗಂತ ಕೃಷ್ಣಯ್ಯ ಹುಟ್ಟಾ ಹಕಾರದವನೇನಲ್ಲ. ಮತ್ತಿಕೆರೆಯ ಒಕ್ಕಲು ಮನೆಯವನು. ಮನೆಯಲ್ಲಿ ಇಟ್ಟ ಹೆಸರು ಮುನಿಕೃಷ್ಣಪ್ಪ, ಅವ್ವ ಕರೆಯುತ್ತಿದ್ದದ್ದು ಮುನಿಕಿಟ್ಟ. ಯಶವಂತಪುರದ ಸ್ಕೂಲಿಗೆ ಸೇರಿದ ಮೊದಲನೇ ದಿನ "ಯಾವೂರೋ?" ಅಂತ ಮೇಷ್ಟ್ರು ಕೇಳಿದ್ದಕ್ಕೆ "ಅಳ್ಳಿ ಸಾ" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ಹೊಡೆಯಲಿಲ್ಲ. ಒಂದು ಬೇವಿನ ಎಲೆ ಕಿತ್ತು ಅವನ ತುಟಿಯ ಮುಂದೆ ಹಿಡಿದು, "ಹಳ್ಳಿ ಅನ್ನು. ಎಲೆ ಅಲ್ಲಾಡಬೇಕು" ಅಂದರು. ಎಲೆ ಅಲ್ಲಾಡುವ ತನಕ ನಿಲ್ಲಿಸಿದರು. ಅಲ್ಲಾಡಿದ್ದು ಮೂರನೇ ದಿನ. ಅವತ್ತಿನಿಂದ ಕೃಷ್ಣಯ್ಯ ಎಲ್ಲೂ ಹಕಾರ ಬಿಡಲಿಲ್ಲ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಇವನ ಓದಿನಲ್ಲಿ ಮುಕ್ಕಾಲು ಪಾಲು ಆ ಒಂದು ಅಕ್ಷರವೇ ಇತ್ತು ಅಂದರೂ ತಪ್ಪಿಲ್ಲ. ಅಕ್ಷರ ದುಂಡಗೆ, ಉಚ್ಚಾರ ಸ್ಪಷ್ಟ. ಊರಿನವರು ಕಂಡರೆ ಅರ್ಧ ಹೆಮ್ಮೆ, ಅರ್ಧ ದೂರ.

ಅರವತ್ತಮೂರನೇ ಇಸವಿಯ ಮಾಘದಲ್ಲಿ ಅವನ ಮೇಜಿನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಐವತ್ತು ದಾಟಿದ ವಯಸ್ಸು, ಮೊಣಕೈ ತನಕ ಹಸಿರು ಹಚ್ಚೆ, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಅರ್ಜಿ. ಅರ್ಜಿಯನ್ನು ಬರೆದವನು ಕಚೇರಿಯ ಮುಂದೆ ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಕೂರುವ ವಾಜಿದ್ ಅಂತ ಕೈಬರಹದಲ್ಲೇ ಗೊತ್ತಾಯಿತು.

"ಏನಮ್ಮ?"

"ಪ್ಲಾನ್ ಕಾಗ್ದ ಬೇಕು ಸಾಮಿ. ಸಿದ್ದನಕುಂಟೆ ಆಲಬಾವೀದು."

ಹೆಸರು ಮುನಿಗಂಗಮ್ಮ. ಅಲ್ಲಾಳಸಂದ್ರದ ಕೆರೆಯ ಆಚೆಗೆ ಇರುವ ಸಿದ್ದನಕುಂಟೆ ಅವಳ ಊರು. ನಲವತ್ತು ಮನೆ, ಒಂದು ಬಾವಿ. ಐವತ್ತನಾಲ್ಕರಲ್ಲಿ ಪುರಸಭೆಯವರು ಬಡಾವಣೆ ಮಾಡುತ್ತೇವೆ ಅಂತ ಊರಿನ ಹೊಲಗಳನ್ನು ಕೇಳಿದ್ದರು. ಯಾರಿಗೂ ಕೊಡುವ ಮನಸ್ಸಿರಲಿಲ್ಲ. ಬಾವಿ ಇದ್ದದ್ದು ಮುನಿಗಂಗಮ್ಮನ ಹೊಲದಲ್ಲಿ, ಎಲ್ಲರಿಗಿಂತ ದೊಡ್ಡ ಹೊಲವೂ ಅವಳದೇ. ಆಗಲೇ ಗಂಡ ಸತ್ತು ಎರಡು ವರ್ಷ. ಸರ್ವೆಯ ಮುನಿಶಾಮಪ್ಪನವರು ಬಂದು, ಬಾವಿಯೂ ಸುತ್ತಲಿನ ಹದಿನಾರು ಕುಂಟೆ ಬಯಲೂ ಊರಿಗೇ ಬಿಟ್ಟದ್ದು, ಪ್ಲಾನಿನಲ್ಲಿ ಹಾಗೇ ಬರೆಸುತ್ತೇನೆ ಅಂತ ಮಾತು ಕೊಟ್ಟರು. ಆ ಮಾತಿನ ಮೇಲೆ ಅವಳು ಮೊದಲು ಹೆಬ್ಬೆಟ್ಟು ಒತ್ತಿದಳು. ಅವಳೇ ಒತ್ತಿದ ಮೇಲೆ ನಮ್ಮದೇನು ಅಂತ ಊರೂ ಒತ್ತಿತು.

ಒಂಬತ್ತು ವರ್ಷ ಯಾರೂ ಬಾವಿಯ ತಂಟೆಗೆ ಬರಲಿಲ್ಲ. ಈಗ ಬಡಾವಣೆಯ ಎರಡನೇ ಹಂತ. ಹೊಸ ನಕ್ಷೆಯಲ್ಲಿ ಬಾವಿ ಇರಲಿಲ್ಲ. ಬಾವಿ ಇದ್ದ ಜಾಗದಲ್ಲಿ ಆರು ಸೈಟುಗಳಿದ್ದವು. ಆಕ್ಷೇಪಣೆ ಇರುವವರು ದಾಖಲೆ ಸಮೇತ ವಿಚಾರಣೆಗೆ ಬರಬೇಕು ಅಂತ ಚಾವಡಿ ಗೋಡೆಗೆ ನೋಟೀಸು ಅಂಟಿಸಿದ್ದರು. ಹೊಸ ಬಡಾವಣೆಯ ನಲ್ಲಿ ಹಳೇ ಊರಿಗೆ ಬರುವುದಿಲ್ಲ ಅಂತಲೂ ಆಗಲೇ ಹೇಳಿಯಾಗಿತ್ತು.

"ಊರಲ್ಲಿ ಏನಂತಾರೆ?" ಅಂತ ಕೃಷ್ಣಯ್ಯ ಕೇಳಿದ. ಅರ್ಜಿಗೆ ಬೇಕಾದ ಪ್ರಶ್ನೆಯಲ್ಲ ಅದು, ಸುಮ್ಮನೆ ಬಾಯಿಗೆ ಬಂತು.

"ಯಾರೂ ಏನೂ ಅನ್ನಾಕಿಲ್ಲ ಸಾಮಿ. ಬೈದ್ರಾದ್ರೂ ಎಷ್ಟೋ ವಾಸಿ. ನೀರು ಸೇದೋವಾಗ ನಾನ್ ಓದ್ರೆ ಮಾತು ನಿಲ್ಲಿಸ್ತಾರೆ. ನನ್ ಎಬ್ಬೆಟ್ಟು ನೋಡ್ಕಂಡು ಎಲ್ರೂ ಒತ್ತಿದ್ದು. ಆ ಕಾಗ್ದ ಸಿಕ್ಕಿಲ್ಲ ಅಂದ್ರೆ ನಾನೇ ಊರಿನ ಬಾವಿ ಮುಚ್ಚಿಸ್ದಂಗೆ."

ಕೃಷ್ಣಯ್ಯ ಅರ್ಜಿಗೆ ನಂಬರು ಹಾಕಿ, ನಾಳಿದ್ದು ಬನ್ನಿ ಅಂದ. ಕಾಗದ ಇದ್ದರೆ ತನ್ನ ಕೈಯಿಂದ ತಪ್ಪಿಸಿಕೊಳ್ಳುವುದಿಲ್ಲ ಅನ್ನುವ ಧೈರ್ಯ ಅವನಿಗೆ. ಹಾಗನ್ನುವುದಕ್ಕೆ ಕಾರಣವೂ ಇತ್ತು. ಇಪ್ಪತ್ತೈದು ಊರುಗಳ ಷರಾಗಳೆಲ್ಲ, ಅಂದರೆ ಯಾವ ಊರಿನಲ್ಲಿ ಏನನ್ನು ಬಿಟ್ಟುಕೊಡುತ್ತೇವೆ ಅಂತ ಪುರಸಭೆ ಬರೆದುಕೊಟ್ಟ ಹಾಳೆಗಳೆಲ್ಲ, ಒಂದೇ ಬೀರುವಿನಲ್ಲಿ ಕೆಂಪು ಬಟ್ಟೆಯ ಗಂಟುಗಳಲ್ಲಿ ಕಲೆಸಿಕೊಂಡು ಬಿದ್ದಿದ್ದವು. ಅದಕ್ಕೆಲ್ಲ ಅಕಾರಾದಿ ಪುಸ್ತಕ ಮಾಡಿಟ್ಟವನು ಕೃಷ್ಣಯ್ಯ. ಕೆರೆ, ಕಟ್ಟೆ, ತೋಪು, ಬಾವಿ ಯಾವುದರ ಹೆಸರು ಹೇಳಿದರೂ ಪುಸ್ತಕ ನೋಡಿ, ಇಂಥ ಗಂಟಿನ ಇಂಥ ಹಾಳೆ ಅಂತ ಕೈ ಹಾಕಿ ತೆಗೆಯುತ್ತಿದ್ದ. ಪುಸ್ತಕದಲ್ಲಿ ಇಲ್ಲದ್ದು ಕಚೇರಿಯಲ್ಲೂ ಇಲ್ಲ ಅನ್ನುವುದು ಅವನ ಮಾತು. ಅದನ್ನು ಎಲ್ಲರೂ ಒಪ್ಪಿಕೊಂಡಿದ್ದರು.

‘ಆ’ ಅಕ್ಷರದ ಪುಟ ತೆಗೆದ. ಆಚಾರಿಕಟ್ಟೆ ಇತ್ತು, ಆನೆಹೊಂಡ ಇತ್ತು, ಅದರ ಕೆಳಗೆ ಆಲೆಮನೆ ಬಯಲು ಇತ್ತು. ಆಲಬಾವಿ ಇರಲಿಲ್ಲ. ಷರಾಗಳ ಗಂಟುಗಳಲ್ಲದೆ ಬೇರೆಯೇ ಇದ್ದ, ಸಿದ್ದನಕುಂಟೆಯ ಜಮೀನಿನ ಕಡತವನ್ನೂ ಬಿಚ್ಚಿ ನೋಡಿದ. ಅಲ್ಲಿ ಊರಿನವರ ಹೆಬ್ಬೆಟ್ಟುಗಳಿದ್ದವು, ಮೊದಲನೆಯದು ಮುನಿಗಂಗಮ್ಮನದು. ನಕ್ಷೆಯ ಜಾಗದಲ್ಲಿ ಮಾತ್ರ, ಸಿಟಿಯ ದೊಡ್ಡ ಕಚೇರಿಗೆ ಕಳಿಸಿದೆ, ವಾಪಸು ಬಂದಿಲ್ಲ ಅನ್ನುವ ಚೀಟಿ. ಎರಡು ದಿನ ಹುಡುಕಿ, ಅರ್ಜಿಯ ಹಿಂದೆ "ಕೋರಿದ ದಾಖಲೆ ಈ ಕಚೇರಿಯಲ್ಲಿ ಇರುವುದಿಲ್ಲ" ಅಂತ ಬರೆದು ರುಜು ಹಾಕಿ ಕೊಟ್ಟ.

ಹತ್ತು ದಿನ ಬಿಟ್ಟು ಅವಳು ಮತ್ತೊಂದು ಅರ್ಜಿ ಹಿಡಿದುಕೊಂಡು ಬಂದಳು.

"ಇಲ್ಲ ಅಂದ್ರೆ ಎಂಗೆ ಸಾಮಿ? ಮುನಿಶಾಮಪ್ಪನೋರು ಬರ್ಸೀನಿ ಅಂತ ನನ್ ಮುಂದೇನೇ ಏಳವ್ರೆ."

"ಮುನಿಶಾಮಪ್ಪನವರು ತೀರಿಕೊಂಡು ಐದು ವರ್ಷ ಆಯ್ತು. ಕಚೇರಿಯಲ್ಲಿ ಬಾಯಿಮಾತು ನಡೆಯಲ್ಲಮ್ಮ."

"ನಮ್ಮೂರಾಗೆ ಬಾಯ್ಮಾತೇ ನಡ್ಯೋದು," ಅಂದಳು ಮುನಿಗಂಗಮ್ಮ. ಜಗಳದ ದನಿಯಲ್ಲಿ ಅಲ್ಲ, ಸುಮ್ಮನೆ ಇದ್ದದ್ದು ಇದ್ದ ಹಾಗೆ.

ಕೃಷ್ಣಯ್ಯ ಅವಳ ಮುಂದೆಯೇ ಪುಸ್ತಕ ತೆಗೆದು, ಬೆರಳಿಟ್ಟು ತೋರಿಸಿದ. ಇದು ಆ, ನೋಡಿ, ಇಲ್ಲಿಂದ ಇಲ್ಲಿಗೆ, ಎಲ್ಲಿದೆ ನಿಮ್ಮ ಆಲಬಾವಿ? ಅವಳು ಬಗ್ಗಿ ನೋಡಿದಳು. ಓದು ಬಾರದವಳು ಪುಟ ನೋಡಿ ಏನು ಕಾಣುತ್ತಾಳೆ. ಆದರೂ ನೋಡಿದಳು, ಒಂದೊಂದು ಸಾಲನ್ನೂ. ಕೃಷ್ಣಯ್ಯ ಎರಡನೇ ಸಲವೂ ಇರುವುದಿಲ್ಲ ಅಂತ ಬರೆದು ರುಜು ಹಾಕಿದ. ಆಮೇಲೆ ಮಧ್ಯಾಹ್ನ ಮುದ್ದೆ ಇಳಿಯಲಿಲ್ಲ. ಸತ್ತ ಮುನಿಶಾಮಪ್ಪನನ್ನು ಮನಸ್ಸಿನಲ್ಲೇ ಬೈದುಕೊಂಡ; ಬರೆಸುತ್ತೇನೆ ಅಂದು ಬರೆಸದೆ ಹೋದ, ಪಾಪ, ಆ ಹೆಂಗಸನ್ನು ಊರಿನ ಬಾಯಿಗೆ ಹಾಕಿದ ಅಂತ.

ಮೂರನೇ ಸಲ ಅವಳು ಬಂದಾಗ ವಿಚಾರಣೆಗೆ ಒಂದು ವಾರ ಉಳಿದಿತ್ತು. ಕೈಯಲ್ಲಿ ಅರ್ಜಿ ಇರಲಿಲ್ಲ. ವಾಜಿದ್ ಬರೆಯಲು ಒಪ್ಪಿರಲಿಲ್ಲ, ಅದೇ ಅರ್ಜಿಯನ್ನು ಎಷ್ಟು ಸಲ ಬರೀಲಿ, ಇದನ್ನ ಬಿಟ್ಬಿಡು ಅಂದನಂತೆ. ಅವಳು ಬೆವರು ಒರೆಸಿಕೊಂಡು ಗೋಡೆಗೆ ಒರಗಿ ನಿಂತಳು.

"ಒತ್ತಾರೇನೇ ಬರ್ಬೇಕಿತ್ತು ಸಾಮಿ. ಎಮ್ಮೆ ಆಲು ಕರ್ದು, ದಿನದ ವರ್ತನೆ ಮನೆಗೊಳ್ಗೆ ಆಕಿ ಬರೋದ್ರಾಗೆ ಒತ್ತಾಗೋಯ್ತು."

"ಹಾಲು," ಅಂದ ಕೃಷ್ಣಯ್ಯ, ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತದೆ. ಉಸಿರಾಡಿದಷ್ಟೇ ಸಲೀಸಾಗಿ ಬಂತು.

"ಊಂ ಸಾಮಿ, ಆಲು."

"ಆಲು ಅಲ್ಲಮ್ಮ. ಹಾಲು. ಹಾ..."

ಅಂದವನ ಬಾಯಿ ಅಲ್ಲಿಗೇ ನಿಂತಿತು. ಪೆನ್ನು ಕೆಳಗಿಟ್ಟ. ಅಕಾರಾದಿ ಪುಸ್ತಕವನ್ನು ಎಳೆದುಕೊಂಡು, ಮೊದಲ ಪುಟಗಳನ್ನೆಲ್ಲ ಬಿಟ್ಟು ಕೊನೆಗೆ ಹೋದ. ಹಕಾರದ ಪುಟ. ಹಾದಿಕಲ್ಲು, ಅದರ ಕೆಳಗೆ ಹಾಲಬಾವಿ. ಸಿದ್ದನಕುಂಟೆ, ಹದಿನಾಲ್ಕನೇ ಗಂಟು, ಆರನೇ ಹಾಳೆ. ದುಂಡಗಿನ ಅಕ್ಷರ. ಅವನದೇ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವ ಗಾದೆಯನ್ನು ಅವನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದ. ಈಗ ಅದು ತನ್ನದೇ ಕಥೆಯಾಯಿತು. ಒಂಬತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಮುನಿಶಾಮಪ್ಪ ಬೀಡಿ ಸೇದುತ್ತ, ಕೈಯಲ್ಲಿದ್ದ ಚೀಟಿ ನೋಡಿ ಹೇಳುತ್ತಿದ್ದ, ಅಕ್ಷರ ಚೆಂದ ಅಂತ ಇವನು ಬರೆದುಕೊಳ್ಳುತ್ತಿದ್ದ. ಮುನಿಶಾಮಪ್ಪನೂ ಆ ಕಡೆಯವನೇ; "ಬರ್ಕಳಿ, ಏಳ್ತೀನಿ" ಅನ್ನುವವನು. "ಸಿದ್ದನಕುಂಟೆ, ಆಲಬಾವಿ" ಅಂದ. ಕೃಷ್ಣಯ್ಯ ಒಳಗೇ ನಕ್ಕು, ಈ ಜನಕ್ಕೆ ಹಾಲು ಅನ್ನಲೂ ಬರುವುದಿಲ್ಲ ಅಂದುಕೊಂಡು, ತಾನೇ ಹಕಾರ ಸೇರಿಸಿ ಹಾಲಬಾವಿ ಅಂತ ಬರೆದ. ನೀರು ಹಾಲಿನ ಹಾಗಿರಬೇಕು, ಎಂಥ ಒಳ್ಳೇ ಹೆಸರು ಅಂತ ಮೆಚ್ಚಿಕೊಂಡದ್ದೂ ನೆನಪಿತ್ತು. ಒಂದು ಸಲ ಸಿದ್ದನಕುಂಟೆಗೆ ಹೋಗಿದ್ದರೆ ಬಾವಿಯ ಮೇಲೆ ಬಿಳಲು ಬಿಟ್ಟುಕೊಂಡು ನಿಂತಿದ್ದ ಆಲದ ಮರ ಕಾಣುತ್ತಿತ್ತು. ಹೋಗಿರಲಿಲ್ಲ.

"ಏನಾಯ್ತು ಸಾಮಿ?" ಅಂದಳು ಮುನಿಗಂಗಮ್ಮ.

"ಸಿಕ್ತಮ್ಮ," ಅಂದ. ಎಲ್ಲಿ ಸಿಕ್ಕಿತು, ಯಾಕೆ ಸಿಕ್ಕಿರಲಿಲ್ಲ ಅಂತ ಹೇಳಲಿಲ್ಲ.

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೈರಣ್ಣ ನೀರು ತಂದುಕೊಟ್ಟ.

ನಕಲು ಮಾಡುವುದಕ್ಕೆ ಒಂದು ಕಟ್ಟಳೆ ಇದೆ. ಮೂಲದಲ್ಲಿ ಇದ್ದದ್ದು ಇದ್ದ ಹಾಗೆ, ತಪ್ಪಿದ್ದರೆ ತಪ್ಪಿದ್ದ ಹಾಗೆ ಇಳಿಸಬೇಕು. ಒಂದು ಕೊಂಬು, ಒಂದು ಇಳಿ ಆಚೀಚೆ ಆಗಕೂಡದು. ಹೊಸ ಗುಮಾಸ್ತರಿಗೆ ಅದನ್ನು ಕಲಿಸಿದವನೂ ಕೃಷ್ಣಯ್ಯನೇ. ಹಾಳೆ ಮುಂದಿಟ್ಟುಕೊಂಡು "ಹಾಲಬಾವಿ ಹಾಗೂ ಸುತ್ತಲಿನ ಹದಿನಾರು ಕುಂಟೆ ಬಯಲು ಗ್ರಾಮಸ್ಥರ ಉಪಯೋಗಕ್ಕೆ ಬಿಟ್ಟಿರುತ್ತದೆ" ಅಂತ ಇಳಿಸುವಾಗ ಕೈ ಆ ಹಕಾರದ ಹತ್ತಿರ ತಡೆಯಿತು. ಕೆಳಗೆ ಎರಡು ಸಾಲು ಸೇರಿಸಬಹುದಿತ್ತು: ಇಲ್ಲಿ ಹಾಲಬಾವಿ ಅಂದಿರುವುದು ಆಲಬಾವಿ, ಬರೆದವನ ತಪ್ಪು ಅಂತ. ಸೇರಿಸಿದರೆ ಬರೆದವನು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಇಲ್ಲ, ಇಲ್ಲ ಅಂತ ಎರಡು ಸಲ ರುಜು ಹಾಕಿ ಕೊಟ್ಟದ್ದು ಬರುತ್ತದೆ. ಹೆಡ್ ಗುಮಾಸ್ತರು ಯುಗಾದಿ ಕಳೆದು ನಿವೃತ್ತರಾಗುತ್ತಿದ್ದರು, ಆ ಕುರ್ಚಿ ಇವನಿಗೇ ಅಂತ ಸಾಹೇಬರು ಬಾಯಿಬಿಟ್ಟು ಹೇಳಿದ್ದರು. ಒಂದಕ್ಷರ, ಯಾರು ನೋಡುತ್ತಾರೆ ಅಂದುಕೊಂಡ. ಬಾವಿ ಅಂತ ಇದೆ, ಊರಿನ ಹೆಸರಿದೆ, ಸಾಲದೆ?

ನಕಲಿಗೆ ಮೊಹರು ಹಾಕಿ ಕೊಡುವಾಗ ಮುನಿಗಂಗಮ್ಮ "ಒಂದಪ ಓದಿ ಸಾಮಿ" ಅಂದಳು. ಕೃಷ್ಣಯ್ಯ ಓದಿದ. ಮೂವತ್ತೈದು ವರ್ಷದಲ್ಲಿ ಎಂದೂ ಅಕ್ಷರ ನುಂಗದವನು ಆ ಹಕಾರವನ್ನು ನುಂಗಿಕೊಂಡು ಓದಿದ. ಅವಳು ಕಾಗದವನ್ನು ಕಣ್ಣಿಗೆ ಒತ್ತಿಕೊಂಡು ಹೋದಳು. ಐದು ನಿಮಿಷಕ್ಕೆ ವಾಜಿದ್ ಕಿಟಕಿಯ ಹತ್ತಿರ ಬಂದು ನಿಂತ.

"ಸಾರ್, ಅಜ್ಜಿ ಕಾಗ್ದ ತೋರಿಸ್ತು. ಇದ್ರಲ್ಲಿ ಹಾಲಬಾವಿ ಅಂತೈತಲ್ಲ?"

"ಎರಡೂ ಒಂದೇ ಕಣಯ್ಯ. ಅವರ ಬಾಯಲ್ಲಿ ಹಂಗೆ."

ವಾಜಿದ್ ತನ್ನ ಮರದ ಕೆಳಗೆ ಹೋದ. ಆ ಸುಳ್ಳು ಬಾಯಿಂದ ಎಷ್ಟು ಸುಲಭವಾಗಿ ಬಂತು ಅಂತ ಕೃಷ್ಣಯ್ಯನಿಗೇ ಅಸಹ್ಯವಾಯಿತು.

ಆ ವಾರವೆಲ್ಲ ಅವ್ವ ನೆನಪಾದಳು. ಅವಳು ಕೊನೆಯ ಕಾಲದಲ್ಲಿ ಪಡಸಾಲೆಯಲ್ಲಿ ಮಲಗಿದ್ದಳು, ಗಟ್ಟಿಯದೇನೂ ಇಳಿಯುತ್ತಿರಲಿಲ್ಲ. ಒಂದು ದಿನ "ಮುನಿಕಿಟ್ಟಾ, ಒಸಿ ಆಲು ಕೊಡಪ್ಪ" ಅಂದಳು. ಇವನು ಲೋಟ ಹಿಡಿದು ನಿಂತು, ತಮಾಷೆಗೋ ರೂಢಿಗೋ, "ಹಾಲು ಅನ್ನವ್ವ" ಅಂದ. ಅವ್ವ ಮಗನ ಮುಖ ನೋಡಿದಳು. ಏನೂ ಅನ್ನದೆ ಲೋಟಕ್ಕೆ ಕೈ ಚಾಚಿದಳು. ಅದಾದ ಮೇಲೆ ಇಪ್ಪತ್ತು ದಿನ ಬದುಕಿದ್ದಳು. ಮಗನ ಮುಂದೆ ಅದರ ಹೆಸರು ಎತ್ತಲಿಲ್ಲ. ಬೇಕೆನಿಸಿದಾಗ ಲೋಟ ತೋರಿಸುತ್ತಿದ್ದಳು. ಮಾತಾಡಲು ಸುಸ್ತಿರಬೇಕು ಅಂತ ಇವನು ತಿಳಿದುಕೊಂಡಿದ್ದ. ಸತ್ತ ಮೂರನೇ ದಿನ ಮಣ್ಣು ಮಾಡಿದ ಗುಡ್ಡೆಗೆ ಹಾಲುತುಪ್ಪ ಬಿಡುವಾಗ, ನೆಂಟರು "ಆಲು ಬಿಡಪ್ಪ, ಅವ್ವಂಗೆ ಆಲು ಬಿಡು" ಅಂದಾಗ, ಥಟ್ಟನೆ ಅರ್ಥವಾಯಿತು. ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥದ್ದೂ ಅಲ್ಲ.

ವಿಚಾರಣೆ ನಡೆದದ್ದು ಪುರಸಭೆಯ ಸಭಾಂಗಣದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಸಿದ್ದನಕುಂಟೆಯಿಂದ ಮೂವತ್ತು ಜನ ಬಂದು ಹಿಂದೆ ನಿಂತಿದ್ದರು. ಮುಂದೆ ಸಾಹೇಬರು, ಪಕ್ಕದಲ್ಲಿ ಹೊಸ ನಕ್ಷೆ ಹರಡಿಕೊಂಡು ಓವರ್‌ಸಿಯರ್ ಚನ್ನಕೇಶವ. ಚನ್ನಕೇಶವ ಕೆಟ್ಟವನಲ್ಲ, ತಿಂಗಳುಗಟ್ಟಲೆ ಬಿಸಿಲಲ್ಲಿ ಸರಪಳಿ ಎಳೆಸಿ ಮಾಡಿದ ನಕ್ಷೆ, ಅದಕ್ಕೆ ತೂತು ಬೀಳುವುದನ್ನು ಯಾರು ಇಷ್ಟಪಡುತ್ತಾರೆ. ಕೃಷ್ಣಯ್ಯ ಮೂಲ ಹಾಳೆಯ ಗಂಟು ಹಿಡಿದುಕೊಂಡು ಗೋಡೆಯ ಪಕ್ಕ ಕೂತಿದ್ದ.

ಸಾಹೇಬರು ನಕಲು ಓದಿ, ಕನ್ನಡಕ ತೆಗೆದು ಕೇಳಿದರು.

"ನಿಮ್ಮ ಬಾವಿ ಹೆಸರೇನಮ್ಮ?"

"ಆಲಬಾವಿ ಸಾಮಿ."

"ಇದರಲ್ಲಿ ಹಾಲಬಾವಿ ಅಂತಿದೆ."

ಅವಳು ಕೃಷ್ಣಯ್ಯನ ಕಡೆ ನೋಡಿದಳು. ಕೃಷ್ಣಯ್ಯ ಗಂಟಿನ ದಾರ ನೋಡಿದ.

ಚನ್ನಕೇಶವ ನಕ್ಕ. "ಸಾರ್, ಈ ಕಡೆ ಜನಕ್ಕೆ ಹಕಾರ ಹೊರಡಲ್ಲ. ಅವರು ಹೇಳ್ತಿರೋದೂ ಹಾಲಬಾವೀನೇ. ನಾನು ಸ್ಥಳ ನೋಡಿದ್ದೀನಿ. ಅದೇ ಸರ್ವೆ ನಂಬರಲ್ಲಿ ಎಮ್ಮೆ ದೊಡ್ಡಿ ಹಿಂದೆ ಇನ್ನೊಂದು ಹಳೇ ಬಾವಿ ಇದೆ. ಅಲ್ಲೇ ಹಾಲು ಕರೆಯೋದು, ಅದಕ್ಕೇ ಹಾಲಬಾವಿ. ಅದು ನಮ್ಮ ನಕ್ಷೆಗೆ ಅಡ್ಡ ಬರಲ್ಲ, ಬಿಟ್ಟುಕೊಡೋಣ. ಮರದ ಕೆಳಗಿನ ಬಾವಿಗೆ ದಾಖಲೆ ಇಲ್ಲ. ಇಲ್ಲ ಅಂತ ನಮ್ಮ ರೆಕಾರ್ಡ್ ಸೆಕ್ಷನ್ನೇ ಎರಡು ಸಲ ಬರೆದುಕೊಟ್ಟಿದೆ."

"ಅದು ಬಾವಿ ಅಲ್ಲ ಸಾಮಿ," ಅಂದಳು ಮುನಿಗಂಗಮ್ಮ. "ಗುಂಡಿ ಅದು. ಸಗಣಿ ಆಕ್ತೀವಿ. ನಾನು ಏಳ್ತಿರೋದು ಆಲದ ಮರದ ಬಾವಿ. ಊರೆಲ್ಲ ನೀರು ಕುಡ್ಯೋದು ಅದ್ರದ್ದು."

"ಹಾಗಾದ್ರೆ ಕಾಗದದಲ್ಲಿ ಹಾಲ ಅಂತ ಯಾಕಿದೆ?" ಸಾಹೇಬರ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಕಾಗದ ನೋಡಿ ಆರ್ಡರ್ ಮಾಡ್ಬೇಕಮ್ಮ."

ಮುನಿಗಂಗಮ್ಮ ಕಾಗದವನ್ನು ನೋಡಿದಳು. ಹಿಂದೆ ನಿಂತ ಊರಿನವರನ್ನು ನೋಡಿದಳು. ಅವರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಅವಳ ತುಟಿ ಅಲ್ಲಾಡಿತು, ಆ ಹೆಸರನ್ನು ತನ್ನೊಳಗೇ ಹೇಳಿಕೊಂಡು ನೋಡುತ್ತಿರಬೇಕು. ಆಮೇಲೆ ಮೆಲ್ಲಗೆ ಅಂದಳು.

"ಓದಿರೋರು ತಪ್ಪು ಬರೀತಾರಾ ಸಾಮಿ. ನನ್ ನಾಲ್ಗೇನೇ ಸರಿಗಿಲ್ವೇನೋ. ನಾವು ಎಬ್ಬೆಟ್ಟಿನ ಜನ."

ಇಷ್ಟು ವರ್ಷ ನೀರು ಸೇದಿದ ಬಾವಿಯ ಹೆಸರನ್ನು ಆ ಹೆಂಗಸು ಬಿಟ್ಟುಕೊಡುತ್ತಿದ್ದಳು, ಇವನ ದುಂಡಗಿನ ಅಕ್ಷರಕ್ಕೆ ಹೆದರಿ. ಲೋಟ ತೋರಿಸಿದ ಅವ್ವನ ಕೈ ಕೃಷ್ಣಯ್ಯನ ಕಣ್ಣಮುಂದೆ ಬಂತು. ಇನ್ನು ಕೂತಿರಲು ಆಗಲಿಲ್ಲ.

"ಸಾರ್, ಓದಿರೋನೇ ತಪ್ಪು ಬರೆದಿದ್ದಾನೆ," ಅಂತ ಎದ್ದು ನಿಂತ. "ಈ ಹಾಳೆ ಬರೆದೋನು ನಾನು."

ಸಾಹೇಬರು ತಿರುಗಿ ನೋಡಿದರು. ಕೃಷ್ಣಯ್ಯ ಗಂಟು ಬಿಚ್ಚಿ ಮೂಲ ಹಾಳೆಯನ್ನು ಮೇಜಿನ ಮೇಲಿಟ್ಟ. "ಮುನಿಶಾಮಪ್ಪನವರು ಹೇಳಿದ್ದು ಆಲಬಾವಿ ಅಂತ. ನಾನು ಮತ್ತಿಕೆರೆಯವನು ಸಾರ್. ನಮ್ಮ ಕಡೆಯವರು ಹಾಲಿಗೆ ಆಲು ಅಂತಾರೆ, ನಮ್ಮವ್ವನೂ ಹಂಗೇ ಅಂತಿದ್ಲು. ಚನ್ನಕೇಶವ ಹೇಳಿದ ಹಾಗೆ ನಮಗೆ ಹಕಾರ ಹೊರಡಲ್ಲ. ಅದಕ್ಕೇ ಇವರೂ ಬಿಟ್ಟಿದ್ದಾರೆ ಅಂದ್ಕೊಂಡು ನಾನೇ ಸೇರಿಸಿದೆ. ಅವರೇನೂ ಬಿಟ್ಟಿರಲಿಲ್ಲ. ಆಲಕ್ಕೆ ಹಕಾರ ಎಲ್ಲಿಂದ ಬರಬೇಕು. ಅಕಾರಾದೀಲೂ ಹಂಗೇ ಬರೆದೆ, ಅದಕ್ಕೇ ನನಗೇ ಸಿಗಲಿಲ್ಲ. ಇಲ್ಲ ಅಂತ ಎರಡು ಸಲ ರುಜು ಹಾಕಿದ್ದೂ ನಾನೇ. ಕಳೆದ ವಾರ ಗೊತ್ತಾಯ್ತು. ಗೊತ್ತಾದ ಮೇಲೂ ಹೇಳಲಿಲ್ಲ, ಅದು ಎಲ್ಲಕ್ಕಿಂತ ದೊಡ್ಡ ತಪ್ಪು."

ಸಾಹೇಬರು ಮೂಲ ಹಾಳೆಯನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಇದನ್ನ ಬರೆದು ರುಜು ಹಾಕಿ ಕೊಡ್ತೀರಾ?" ಅಂದರು ಸಾಹೇಬರು. "ಕೊಟ್ರೆ ನಿಮ್ಮ ಸರ್ವಿಸ್ ಪುಸ್ತಕದಲ್ಲಿ ಏರುತ್ತೆ. ಯೋಚನೆ ಮಾಡಿ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅನ್ನುತ್ತಾರೆ. ಇವನ ಮಾನ ಒಂದಕ್ಷರಕ್ಕೆ ಹೋಗುವುದರಲ್ಲಿತ್ತು. ಕೃಷ್ಣಯ್ಯ ಯೋಚನೆಗೆ ಕೂರಲಿಲ್ಲ. ಅಲ್ಲೇ ನಿಂತು ಒಂದೂವರೆ ಪುಟ ಬರೆದುಕೊಟ್ಟ. ಆಮೇಲೆ ಸಾಹೇಬರ ಅಪ್ಪಣೆಯ ಮೇಲೆ, ಮೂಲ ಹಾಳೆಯಲ್ಲಿ ಹಾ ಅನ್ನುವುದರ ಮೇಲೆ ಕೆಂಪು ಶಾಯಿಯ ಒಂದು ಗೆರೆ ಎಳೆದು, ಮೇಲೆ ಆ ಅಂತ ಬರೆದು, ಪಕ್ಕದಲ್ಲಿ ತನ್ನ ರುಜು ಮತ್ತು ತಾರೀಕು ಹಾಕಿದ. ಚನ್ನಕೇಶವ ನಕ್ಷೆಯನ್ನು ಸುರುಳಿ ಸುತ್ತಿಕೊಂಡು, "ಮೊದ್ಲೇ ಹೇಳಿದ್ರೆ ನನ್ನ ನಕ್ಷೆ ಉಳೀತಿತ್ತಲ್ಲ ಸಾರ್" ಅಂತ ಗೊಣಗಿದ. ಬಾವಿ ಮತ್ತು ಬಯಲು ಊರಿಗೇ ಅಂತ ಸಾಹೇಬರು ಆರ್ಡರ್ ಬರೆದರು. ಸಿದ್ದನಕುಂಟೆಯ ಜನ ಹೊರಗೆ ಹೋಗುವಾಗ ಮುನಿಗಂಗಮ್ಮನಿಗೆ ದಾರಿ ಬಿಟ್ಟು ನಿಂತರು.

ಯುಗಾದಿ ಕಳೆದ ಮೇಲೆ ಹೆಡ್ ಗುಮಾಸ್ತರ ಕುರ್ಚಿಗೆ ಬೇರೆಯವರು ಬಂದರು, ಕೃಷ್ಣಯ್ಯನಿಗಿಂತ ಆರು ವರ್ಷ ಕಿರಿಯರು. ಸರ್ವಿಸ್ ಪುಸ್ತಕದಲ್ಲಿ ಏರಬೇಕಾದ್ದು ಏರಿತು. ಕೃಷ್ಣಯ್ಯನಿಗೆ ಬೇಜಾರಾಗಲಿಲ್ಲ ಅಂದರೆ ಸುಳ್ಳು. ಹದಿನೈದು ದಿನ ಮನೆಯಲ್ಲಿ ಸರಿಯಾಗಿ ಮಾತಾಡಲಿಲ್ಲ. ಆದರೂ ಬೀರುವಿನ ಮುಂದೆ ಕೂತು ಹಕಾರದ ಪುಟಗಳನ್ನು ಮೊದಲಿನಿಂದ ಪರೀಕ್ಷೆ ಮಾಡತೊಡಗಿದ, ಇನ್ನೂ ಯಾವ ಯಾವ ಊರಿನ ಬಾಯಿಗೆ ಕೈ ಹಾಕಿದ್ದೇನೋ ಅಂತ. ಅನುಮಾನ ಬಂದ ಊರುಗಳಿಗೆ ಭಾನುವಾರ ಸೈಕಲ್ಲಿನಲ್ಲಿ ಹೋಗಿ, ಇದನ್ನು ಏನಂತೀರಿ ಅಂತ ಕೇಳಿಕೊಂಡು ಬರುತ್ತಿದ್ದ. ಸಂಜೆ ಬೈರಣ್ಣ ಮರೆತು "ಓಗ್ಬರ್ತೀನಿ ಸಾರ್" ಅಂದು, ನಾಲಿಗೆ ಕಚ್ಚಿಕೊಂಡು ನಿಂತರೆ, "ಹೂಂ" ಅಂದು ಕಳಿಸುತ್ತಿದ್ದ.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಮುನಿಗಂಗಮ್ಮ ಬಂದಳು. ಕೈಯಲ್ಲಿ ಫಳಫಳ ಬೆಳಗಿದ ಹಿತ್ತಾಳೆ ಚೊಂಬು, ಬಾಯಿಗೆ ಬಾಳೆಲೆ ಕಟ್ಟಿತ್ತು. ಮೇಜಿನ ಮೇಲೆ ಕಾಗದಗಳಿಲ್ಲದ ಜಾಗ ನೋಡಿ ಇಟ್ಟಳು.

"ಏನಮ್ಮ ಇದು? ಇದೆಲ್ಲ ತಗೊಳ್ಳೋಹಾಗಿಲ್ಲ."

"ಲಂಚ ಅಲ್ಲ ಸಾಮಿ. ಆಲಬಾವಿ ನೀರು ಕುಡ್ದ ಎಮ್ಮೇದು. ಮನೇಗ್ ತಗಂಡೋಗಿ."

ಹಾಗಂದು ಅವಳು ಒಂದು ಕ್ಷಣ ತಡೆದಳು. ಸೆರಗು ಸರಿಮಾಡಿಕೊಂಡಳು. ಸ್ಕೂಲಿನಲ್ಲಿ ಪಾಠ ಒಪ್ಪಿಸಲು ನಿಂತವರ ಹಾಗೆ ನೆಟ್ಟಗೆ ನಿಂತು, ಎದೆ ತುಂಬ ಉಸಿರೆಳೆದುಕೊಂಡು, ದಾರಿಯುದ್ದಕ್ಕೂ ಕಲಿತುಕೊಂಡು ಬಂದದ್ದನ್ನು ಹೇಳಿದಳು.

"ಹ್ಹಾಲು."

ಮೇಜಿನ ಮೇಲಿದ್ದ ಕಾಗದ ಅಲ್ಲಾಡಿತು. ಸರಿಯಾಯಿತಾ ಅಂತ ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ಕೃಷ್ಣಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡ. ಬಾಯಿ ತೆರೆದಾಗ, ಯಶವಂತಪುರದ ಸ್ಕೂಲಿನ ಆ ಮೂರನೇ ದಿನ ಬಿಟ್ಟುಬಂದ ನಾಲಿಗೆ ತಾನಾಗಿಯೇ ಬಂತು.

"ಬ್ಯಾಡ ಕಣವ್ವ," ಅಂದ. "ಆಲು ಅಂತ್ಲೇ ಏಳು."